ಕಂಬಿ ಜುಮ್ಮೆಂದರೆ

ಮಳೆಗಾಲದ ಸಂಜೆ ಮೆಟ್ಟಿಲಿನ ಕಂಬಿ ಹಿಡಿದಾಗ ಕೈ ಜುಮ್ಮೆನ್ನುತ್ತದೆ. ‘ಸ್ವಲ್ಪ ಶಾಕು ಹೊಡೀತು’ ಎಂದು ಮನೆಮಂದಿ ಅದನ್ನು ಅಲ್ಲಿಗೇ ಮರೆಯುತ್ತಾರೆ. ಮರೆಯುವ ವಿಷಯವಲ್ಲ ಅದು. ಕಂಬಿಗೆ ಬಿಗಿದ ದೀಪದೊಳಗೆ ನೀರು ಇಳಿದಿರಬಹುದು, ಇಲ್ಲವೇ ಲೋಹದ ಅಂಚಿಗೆ ಉಜ್ಜಿ ವೈರಿನ ಹೊದಿಕೆ ಸವೆದಿರಬಹುದು. ಫೇಸ್ ತಂತಿ ದೀಪದ ಮೈಗೆ ತಾಗಿದರೆ ಸಾಕು, ಸ್ಕ್ರೂಗಳ ಮೂಲಕ ಇಡೀ ಕಂಬಿಗೆ ಕರೆಂಟು ಬಂದಂತೆಯೇ.

ಇಷ್ಟಾದರೂ ಎಂಸಿಬಿ ಬೀಳುವುದಿಲ್ಲ, ದೀಪವೂ ಆರುವುದಿಲ್ಲ. ಎಂಸಿಬಿಗೆ ಗೊತ್ತಾಗುವುದು ಕರೆಂಟು ಅತಿಯಾಗಿ ಹರಿದಾಗ ಮಾತ್ರ. ಒಣ ಕಾಂಕ್ರೀಟಿನಲ್ಲಿ ನೆಟ್ಟ ಕಂಬಿಯಿಂದ ನೆಲಕ್ಕೆ ಹರಿಯುವುದು ತೀರಾ ಕಡಿಮೆ. ಹೀಗೆ 230 ವೋಲ್ಟ್ ಹೊತ್ತು ಅದು ವಾರಗಟ್ಟಲೆ ನಿಂತಿರಬಹುದು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಯಾರಾದರೂ ಮುಟ್ಟಿದಾಗ ಅವರ ಮೈಯೇ ದಾರಿ. ಮೈಯ ತಡೆ ಸುಮಾರು 1000 ಓಮ್ ಎಂದು ಹಿಡಿದರೆ ಹರಿಯುವುದು 230 ಮಿಲಿಆಂಪಿಯರ್. 10-15 ಮಿಲಿಆಂಪಿಯರಿಗೇ ಸ್ನಾಯು ಸೆಟೆದು ಹಿಡಿದ ಕೈ ಬಿಡಿಸಲಾಗದು. 230 ಎಂದರೆ ಹೃದಯದ ಲಯವೇ ತಪ್ಪಬಹುದು. ಎಂಸಿಬಿಯ ಲೆಕ್ಕದಲ್ಲಿ ಅದು ಹಳೆಯ 60 ವ್ಯಾಟ್ ಬಲ್ಬು ಎಳೆಯುವುದಕ್ಕಿಂತಲೂ ಕಡಿಮೆ.

ಕಂಬಿಯ ಬುಡದಲ್ಲಿ ಒಂದು ಸರಳು ಬಡಿದು ತಂತಿ ಕಟ್ಟಿದರೆ ಆಯಿತು ಎನ್ನುವವರಿದ್ದಾರೆ. ಆ ಸರಳಿಗೂ ಮಣ್ಣಿಗೂ ನಡುವಿನ ತಡೆ 50 ಓಮ್ ಇದ್ದರೆ ಹರಿಯುವುದು 4.6 ಆಂಪಿಯರ್, ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಎಳೆಯುವಷ್ಟು. ಎಂಸಿಬಿ ಅದಕ್ಕೂ ಬೀಳದು. ಕಂಬಿಯ ಮೇಲಿನ ವೋಲ್ಟೇಜೂ ಹೆಚ್ಚು ಇಳಿಯದು. ಇದ್ದಿಲು, ಉಪ್ಪು ತುಂಬಿದ ಅರ್ಥ್ ಪಿಟ್ ಇನ್ನೂ ಉತ್ತಮ, ಆದರೆ ಬೇಸಿಗೆಯಲ್ಲಿ ನೀರು ಕಾಣದೆ ಒಣಗಿದರೆ ಅದರ ತಡೆಯೂ ಏರುತ್ತದೆ.

ಇಲ್ಲಿ ಜೀವ ಉಳಿಸುವುದು ಆರ್‌ಸಿಸಿಬಿ. ಫೇಸ್, ನ್ಯೂಟ್ರಲ್ ಎರಡೂ ಅದರೊಳಗಿನ ಒಂದು ಬಳೆಯ ಮೂಲಕ ಹಾದುಹೋಗುತ್ತವೆ. ಹೋದಷ್ಟೇ ಕರೆಂಟು ಮರಳಿದರೆ ಬಳೆ ಸುಮ್ಮನಿರುತ್ತದೆ. ಬೇರೆ ದಾರಿ ಹಿಡಿದು ಸೋರಿದ್ದು 30 ಮಿಲಿಆಂಪಿಯರ್ ಮುಟ್ಟಿದರೂ 0.3 ಸೆಕೆಂಡಿನೊಳಗೆ ಸ್ವಿಚ್ ಬೀಳುತ್ತದೆ. ಹಾಗಿದ್ದರೆ ಅರ್ಥ್ ತಂತಿ ಏಕೆ? ಅದಿಲ್ಲದಿದ್ದರೆ ಸೋರಿಕೆಯ ಮೊದಲ ದಾರಿ ಮನುಷ್ಯನ ಮೈ ಆಗಬಹುದು. ಅದಿದ್ದರೆ ಫೇಸ್ ತಂತಿ ತಾಗಿದ ಕ್ಷಣದಲ್ಲೇ, ಯಾರೂ ಮುಟ್ಟುವ ಮೊದಲೇ, ಆರ್‌ಸಿಸಿಬಿ ಬೀಳುತ್ತದೆ.

ಆದ್ದರಿಂದ ಬೋರ್ಡಿನಿಂದ ಹಸಿರು ತಂತಿ ಪ್ರತಿ ದೀಪದ ಮೈಯನ್ನೂ ತಲುಪಲಿ. ಕಂಬಿಯನ್ನೇ ಅರ್ಥ್ ತಂತಿ ಎಂದು ನಂಬಬೇಡಿ: ಬಣ್ಣ, ತುಕ್ಕು, ಸಡಿಲ ಬೋಲ್ಟು ಯಾವುದಾದರೂ ಸಂಪರ್ಕ ಕಡಿದೀತು. ಬಣ್ಣ ಕೆರೆದು, ಕಂಬಿಯ ಪ್ರತಿ ತುಂಡನ್ನೂ ಪಕ್ಕದ ಲೋಹದ ಗೇಟನ್ನೂ ಅದೇ ಅರ್ಥ್‌ಗೆ ಜೋಡಿಸಬೇಕು. ಆಗ ಒಂದು ಕೈ ಕಂಬಿಯಲ್ಲಿ, ಇನ್ನೊಂದು ಗೇಟಿನಲ್ಲಿದ್ದರೂ ಎರಡರ ನಡುವೆ ವೋಲ್ಟೇಜಿನ ವ್ಯತ್ಯಾಸ ಉಳಿಯುವುದಿಲ್ಲ. ತಂತಿ ಉಳಿಸಲು ನ್ಯೂಟ್ರಲನ್ನೇ ದೀಪದ ಮೈಗೆ ಕಟ್ಟುವುದಂತೂ ಕೊಲೆಗಡುಕ ಕೆಲಸ. ಎಲ್ಲಾದರೂ ನ್ಯೂಟ್ರಲ್ ಕಡಿದರೆ ಫೇಸ್ ನೇರ ಕಂಬಿಗೇ ಬರುತ್ತದೆ. ಹೊಸದಾಗಿ ಹಾಕಿಸುವವರು 12 ಅಥವಾ 24 ವೋಲ್ಟಿನ ಎಲ್‌ಇಡಿ ಆರಿಸಿ, ಅದರ ಟ್ರಾನ್ಸ್‌ಫಾರ್ಮರನ್ನು ಮನೆಯೊಳಗೇ ಇಡುವುದು ಎಲ್ಲಕ್ಕಿಂತ ಒಳ್ಳೆಯದು.

ದೀಪಾವಳಿಗೆ ಸೀರಿಯಲ್ ಸೆಟ್ ಸುತ್ತುವ ಮೊದಲು ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ. ಆ ಗುಂಡಿ ಅರ್ಥ್ ತಂತಿಯನ್ನು ಪರೀಕ್ಷಿಸುವುದಿಲ್ಲ. ಅದಕ್ಕೆ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದೇ ನೋಡಬೇಕು. ಕಂಬಿ ಈಗಾಗಲೇ ಜುಮ್ಮೆನ್ನುತ್ತಿದ್ದರೆ ಅವರು ಬರುವವರೆಗೆ ಕಾಯಬೇಡಿ, ಮೇನ್ ಸ್ವಿಚ್ ಈಗಲೇ ಆರಿಸಿ.