ಅಟ್ಟದಿಂದ ಬಿದ್ದ ಇಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹಳೇ ಮನೆಗಳಲ್ಲಿ ಕೆಳಗೆ ಜನ, ಮೇಲೆ ಕಾಯಿ. ತೋಟದಿಂದ ಬಂದ ಬಲಿತ ಕಾಯಿ ಸಿಪ್ಪೆ ಸಮೇತ ಅಟ್ಟ ಸೇರಿದರೆ ಹತ್ತು ಹನ್ನೊಂದು ತಿಂಗಳು ಅಲ್ಲೇ. ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಲೊಡಲೊಡ ಎನ್ನುವ ಹೊತ್ತಿಗೆ ಅದು ಉಂಡೆ ಕೊಬ್ಬರಿ. ವರ್ಷದ ದುಡಿಮೆಯೆಲ್ಲ ತಲೆಯ ಮೇಲೇ ಇರುತ್ತದೆ. ಅದರ ಜೊತೆಗೆ ಇಲಿಗಳೂ ಇರುತ್ತವೆ.

ನಮ್ಮಜ್ಜಿ ರಾತ್ರಿ ಹೊತ್ತು ಅಟ್ಟದ ಸದ್ದಿಗೆ ಕಿವಿ ಕೊಡುತ್ತಿದ್ದಳು. “ಓಡಾಡ್ಲಿ ಬಿಡು ಮಗ, ಸದ್ದು ನಿಂತ್ರೆ ಹೆದರ್ಕಬೇಕು” ಅನ್ನುತ್ತಿದ್ದಳು. ಅವಳ ಕಾಲದವರಿಗೆ ‘ಇಲಿ ಬಿತ್ತು’ ಎಂಬ ಎರಡು ಮಾತು ಸಾಕಿತ್ತು. ಅಟ್ಟದಿಂದಲೋ ಸೂರಿನಿಂದಲೋ ಇಲಿ ತೂರಾಡಿಕೊಂಡು ಬಂದು ನಡುಮನೆಯಲ್ಲಿ ಬಿದ್ದು ಸತ್ತರೆ ಊರಿಗೆ ಪ್ಲೇಗು ಬಂದಿದೆ ಎಂದೇ ಅರ್ಥ. ಆಮೇಲೆ ಜ್ವರ, ಕಂಕುಳಲ್ಲೋ ತೊಡೆಸಂದಿಯಲ್ಲೋ ಗೆಡ್ಡೆ. ಊರಿಗೆ ಊರೇ ಪಾತ್ರೆ ಪಡಗ ಹೊತ್ತು ಹೊಲದಲ್ಲಿ ಶೆಡ್ಡು ಹಾಕಿಕೊಳ್ಳುತ್ತಿತ್ತು.

ಇಂದು ಆರೋಗ್ಯ ಇಲಾಖೆ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಆಸ್ಪತ್ರೆ, ಚೀಟಿ, ಮಾತ್ರೆ. ಆದರೆ ಕಾಯಿಲೆ ಬಿದ್ದವರಿಗೆ ಔಷಧ ಕೊಡುವುದು ಒಂದು ಕೆಲಸ, ಊರಿಗೆ ಕಾಯಿಲೆ ಬಾರದಂತೆ ಕಾಯುವುದು ಇನ್ನೊಂದು. ಆ ಎರಡನೆಯದನ್ನು ಮೈಸೂರು ಸೀಮೆಯ ಸರ್ಕಾರಕ್ಕೆ ಹೊಡೆದು ಕಲಿಸಿದ್ದು ಪ್ಲೇಗು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಎರಡೇ ವರ್ಷದಲ್ಲಿ, 1898ರ ಆಗಸ್ಟ್‌ನಲ್ಲಿ, ಬೆಂಗಳೂರು ತಲುಪಿತು. ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬಂತು ಎನ್ನುತ್ತದೆ ಇತಿಹಾಸ. ಆ ರೈಲು ದಾರಿ ಯಾವುದು? ಹರಿಹರ, ಅರಸೀಕೆರೆ, ತಿಪಟೂರು, ಗುಬ್ಬಿ, ತುಮಕೂರು. ಕೊಬ್ಬರಿಯನ್ನು ದೂರದ ಊರುಗಳಿಗೆ ಹೊತ್ತೊಯ್ದು ನಮಗೆ ದುಡ್ಡು ತಂದ ಹಳಿಯ ಮೇಲೇ ಮಾರಿಯೂ ಹಾದು ಹೋಯಿತು.

ಸರ್ಕಾರ ಕೈಕಟ್ಟಿ ಕೂರಲಿಲ್ಲ. ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರ್ ಮಾಡಿತು. ಮುಂದೆ ದಿವಾನರಾದವರೂ ಅವರೇ. ರೈಲು ಪ್ರಯಾಣಿಕರ ತಪಾಸಣೆ, ಸೋಂಕಿತರಿಗೆ ಬೇರೆ ಶಿಬಿರ, ಮನೆ ಖಾಲಿ ಮಾಡಿಸಿ ಔಷಧ ಹೊಡೆಯುವುದು ಎಲ್ಲ ನಡೆಯಿತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರದ ಅಗಲ ಬೀದಿಗಳು ಬೆಳೆದದ್ದು ಆ ಭಯದ ನೆರಳಿನಲ್ಲೇ. ಇಲಿಯ ಮೈಮೇಲಿನ ಚಿಗಟ ರೋಗ ದಾಟಿಸುತ್ತದೆ ಎಂದು ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಕಂಡುಕೊಂಡದ್ದೂ 1898ರಲ್ಲೇ, ಆದರೆ ಅದನ್ನು ಲೋಕ ನಂಬುವುದಕ್ಕೆ ಇನ್ನೂ ವರ್ಷಗಳು ಹಿಡಿದವು. ಇಲಿ ಸತ್ತು ತಣ್ಣಗಾದೊಡನೆ ಚಿಗಟ ಬಿಸಿ ಮೈ ಹುಡುಕಿಕೊಂಡು ಮನುಷ್ಯರ ಮೇಲೆ ಹಾರುತ್ತದೆ. ಸದ್ದು ನಿಂತ ಅಟ್ಟಕ್ಕೆ ಅಜ್ಜಿ ಹೆದರುತ್ತಿದ್ದುದರಲ್ಲಿ ವಿಜ್ಞಾನವಿತ್ತು.

ಕಷ್ಟವಿದ್ದದ್ದು ಹಳ್ಳಿಯಲ್ಲಿ. ಇಲಿ ಬಿದ್ದ ಸುದ್ದಿ ಪಟೇಲರಿಗೆ, ಶಾನುಭೋಗರಿಗೆ ಮುಟ್ಟಬೇಕು. ಅಲ್ಲಿಂದ ತಾಲ್ಲೂಕು ಕಚೇರಿಗೆ ಹೋಗಬೇಕು. ಹೇಳಿದರೆ ಮನೆ ಬಿಡಬೇಕು. ಅಟ್ಟದ ತುಂಬ ಕಾಯಿ ಬಿಟ್ಟು ಯಾರಿಗೆ ಹೋಗಲು ಮನಸ್ಸು ಬಂದೀತು? ಸತ್ತ ಇಲಿಯನ್ನು ತಿಪ್ಪೆಯಲ್ಲಿ ಹೂತು ಬಾಯಿ ಮುಚ್ಚಿಕೊಂಡವರನ್ನು ನಾನು ಬೈಯಲಾರೆ. ಆದರೆ ಆ ಒಂದು ವಾರದ ಮೌನಕ್ಕೆ ಪಕ್ಕದ ಕೇರಿಯ ಮಕ್ಕಳು ಹೋಗಿಬಿಡುತ್ತಿದ್ದವು.

ಸೂಜಿಯ ಭಯ ಬೇರೆ. ವಾಲ್ಡೆಮರ್ ಹಾಫ್‌ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆ ತಯಾರಿಸಿ, 1897ರ ಜನವರಿಯಲ್ಲಿ ಮೊದಲು ತನಗೇ ಚುಚ್ಚಿಕೊಂಡ. ಅದು ಪೂರ್ತಿ ರಕ್ಷೆಯಲ್ಲ. ತೋಳು ಊದಿ ಜ್ವರ ಬರುತ್ತಿತ್ತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಒಂದು ಬಾಟಲಿಯ ಲಸಿಕೆ ಕೆಟ್ಟು 19 ಜನ ಧನುರ್ವಾಯುವಿನಿಂದ ತೀರಿಕೊಂಡರು. ತಪ್ಪು ಹಾಫ್‌ಕಿನ್‌ನದಲ್ಲ ಎಂದು ಇತ್ಯರ್ಥವಾಗಲು ವರ್ಷಗಳೇ ಬೇಕಾದವು. ನಂಬಿಕೆ ಒಮ್ಮೆ ಮುರಿದರೆ ಕೂಡಿಸುವುದು ಎಷ್ಟು ಕಷ್ಟ ಎಂಬುದನ್ನು ಆರೋಗ್ಯ ಕೆಲಸದವರು ಅಂದೇ ಕಲಿತರು.

ಪ್ಲೇಗು ಒಂದು ಸಲ ಬಂದು ಹೋದ ಮಾರಿಯಲ್ಲ, ದಶಕಗಳ ಕಾಲ ಮರಳಿ ಮರಳಿ ಬಂತು. ತುರುವೇಕೆರೆಗೆ ತಗುಲಿಕೊಂಡಿರುವ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು ತಾಯಿಯನ್ನೂ ಒಡಹುಟ್ಟಿದವರನ್ನೂ ಅದಕ್ಕೇ ಕಳೆದುಕೊಂಡರು. 1970ರಲ್ಲಿ ಬಂದ ‘ಗೃಹಭಂಗ’ ಇದೇ ಸೀಮೆಯ ಕಥೆ. ಅದರ ಪ್ಲೇಗಿನ ಪುಟಗಳನ್ನು ನಮ್ಮ ಕಡೆಯವರು ಕಾದಂಬರಿ ಎಂದು ಓದುವುದಿಲ್ಲ.

ಮೈಸೂರು ಸಂಸ್ಥಾನ ಸಾರ್ವಜನಿಕ ಆರೋಗ್ಯಕ್ಕೆಂದೇ ಒಂದು ಇಲಾಖೆ ತೆರೆದದ್ದು 1929ರಲ್ಲಿ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ. ನಾಗೇನಹಳ್ಳಿ, ಹಿರಿಯೂರು, ಮೂಡಿಗೆರೆಗಳಲ್ಲಿ ಮಲೇರಿಯಾ ಅಧ್ಯಯನ ಕೇಂದ್ರಗಳು ಎದ್ದವು. ಮಂಡ್ಯ, ರಾಮನಗರದಂಥ ಕಡೆ ಆರೋಗ್ಯ ಘಟಕಗಳು ನಡೆದವು. ನೀರು, ಕಕ್ಕಸು, ಹೆರಿಗೆ, ಲಸಿಕೆ, ಹುಟ್ಟು ಸಾವಿನ ಲೆಕ್ಕ ಎಲ್ಲವನ್ನೂ ಒಂದೇ ಕಡೆಯಿಂದ ನೋಡಿಕೊಳ್ಳುವ ಪ್ರಯೋಗ ಅದು. ಪ್ರಾಥಮಿಕ ಆರೋಗ್ಯ ಕೇಂದ್ರದ ಬಗ್ಗೆ ಭೋರ್ ಸಮಿತಿ 1946ರಲ್ಲಿ ವರದಿ ಕೊಡುವ ಮುಂಚೆಯೇ ಇಲ್ಲಿ ಆ ದಾರಿ ತುಳಿದಾಗಿತ್ತು. ಅದಕ್ಕೆ ಹೆಮ್ಮೆಪಡಬೇಕು.

ಆಮೇಲಿನದು ನಮ್ಮ ಗೋಡೆಗಳ ಮೇಲೇ ಬರೆದಿತ್ತು. ಡಿ.ಡಿ.ಟಿ. ಹೊಡೆದು ಹೋದವರು ಬಾಗಿಲ ಪಕ್ಕ ತಾರೀಕು ಗೀಚುತ್ತಿದ್ದರು. ಸೊಳ್ಳೆಗೆಂದು ಹೊಡೆದ ಮದ್ದು ಚಿಗಟವನ್ನೂ ಕೊಂದಿತು. ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಪ್ಲೇಗು ತಗುಲಿದವರೂ ಬದುಕತೊಡಗಿದರು. 1966ರಲ್ಲಿ ಕೋಲಾರ ಜಿಲ್ಲೆಯಲ್ಲಿ ಕಂಡದ್ದೇ ಕೊನೆಯದು ಎಂದು ದೇಶ ನಿಟ್ಟುಸಿರುಬಿಟ್ಟಿತು. 28 ವರ್ಷದ ಮೇಲೆ ಸೂರತ್‌ನಲ್ಲಿ ಕಾಣಿಸಿಕೊಂಡು ಪ್ಲೇಗು ಮತ್ತೆ ಬೆಚ್ಚಿಬೀಳಿಸಿತು.

ಪಟೇಲರು ಮಾಡುತ್ತಿದ್ದ ಕೆಲಸ ಇಂದು ಆಶಾ ಕಾರ್ಯಕರ್ತೆಯರ ಪಾಲಿಗೆ ಬಂದಿದೆ. ಸುಮಾರು ಸಾವಿರ ಜನಕ್ಕೆ ಒಬ್ಬರು, 2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನದಿಂದ. “ಯಾರಿಗಾದರೂ ಜ್ವರ ಇದೆಯಾ ಅಕ್ಕ?” ಎಂದು ಬಾಗಿಲಲ್ಲಿ ನಿಂತು ಕೇಳುತ್ತಾರೆ. “ಯಾರಿಗೂ ಇಲ್ಲ ಕಣಮ್ಮ” ಎಂದು ನಾವು ಒಳಗಿನಿಂದಲೇ ಕಳಿಸುತ್ತೇವೆ. ಇಲಿ ಹೂತಿಟ್ಟ ಹಳೇ ಮೌನವೇ ಇದು.

ಈಗಿನ ಶತ್ರು ಅಟ್ಟದಲ್ಲಿಲ್ಲ, ಹಿತ್ತಲಲ್ಲಿದೆ. ಕೊಬ್ಬರಿ ಒಡೆದ ಚಿಪ್ಪು, ಕುಡಿದೆಸೆದ ಎಳನೀರು ಬುರುಡೆ. ಒಂದು ಮಳೆ ಬಿದ್ದರೆ ಪ್ರತಿ ಚಿಪ್ಪೂ ಒಂದೊಂದು ಕೆರೆ, ಅದರಲ್ಲಿ ಹಗಲು ಕಚ್ಚಿ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿ. ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು. 1897ರ ಸಾಂಕ್ರಾಮಿಕ ಕಾಯ್ದೆಯ ಜಾಗಕ್ಕೆ ಕರ್ನಾಟಕ 2020ರಲ್ಲಿ ತನ್ನದೇ ಕಾಯ್ದೆ ತಂದಿತು. ಅದರಡಿ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಎಂದು ಸಾರಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು.

ದಂಡದ ಮಾತು ಹಾಗಿರಲಿ. ಈ ಭಾನುವಾರ ಹಿತ್ತಲಿಗೆ ಹೋಗಿ ಚಿಪ್ಪುಗಳನ್ನು ಬೋರಲು ಹಾಕಿ, ಬುರುಡೆಗಳನ್ನು ಸೀಳಿ ಒಣಗಿಸಿ, ಬರುವ ಭಾನುವಾರ ಮತ್ತೆ ನೋಡಿ. ಆಶಾ ಅಕ್ಕ ಬಂದು ಕೇಳಿದಾಗ ಮನೆಯಲ್ಲಿ ಜ್ವರ ಇದ್ದರೆ ಇದೆ ಎನ್ನಿ.