ಕೇಳುವ ಕ್ರಮ, ಒಪ್ಪುವ ಮನಸ್ಸು

ಸಾಸಲಿನ ರೈತನೊಬ್ಬನು ಜೋಡಿ ಎತ್ತುಗಳನ್ನು ಕೊಳ್ಳಲು ತನ್ನ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿಯೇ ನೆರೆಯುವ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗಿರುವನೆಂದು ಭಾವಿಸೋಣ. ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ನಡೆಯುತ್ತದೆ. ಮಾರುವವನು ಮೊದಲು 1,50,000 ರೂಪಾಯಿ ಕೇಳಿ, ಬಳಿಕ 1,20,000ಕ್ಕೆ ಇಳಿಯುತ್ತಾನೆ. ಎತ್ತುಗಳು ಇದ್ದಂತೆಯೇ ಇವೆ. ಆದರೂ ಕೊಳ್ಳುವವನ ಮನಸ್ಸು ಮೆತ್ತಗಾಗುತ್ತದೆ. ಏತಕ್ಕೆ?

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದಕ್ಕೆ ಉತ್ತರ ಕೊಡುತ್ತದೆ. ಅಪರಾಧಿ ಬಾಲಕರನ್ನು ಎರಡು ಗಂಟೆಗಳ ಕಾಲ ಮೃಗಾಲಯಕ್ಕೆ ಕರೆದೊಯ್ಯುವಿರಾ ಎಂದು ಕಾಲೇಜು ವಿದ್ಯಾರ್ಥಿಗಳನ್ನು ನೇರವಾಗಿ ಕೇಳಿದಾಗ ಒಪ್ಪಿದವರು ನೂರಕ್ಕೆ ಸುಮಾರು 17 ಮಂದಿ. ವಾರಕ್ಕೆ ಎರಡು ಗಂಟೆಗಳಂತೆ ಎರಡು ವರ್ಷ ಆ ಬಾಲಕರ ಸೇವೆ ಮಾಡಬೇಕೆಂದು ಮೊದಲು ಕೇಳಿ, ನಿರಾಕರಣೆಯಾದ ಮೇಲೆ ಮೃಗಾಲಯದ ಮಾತೆತ್ತಿದಾಗ 50 ಮಂದಿ ಒಪ್ಪಿದರು! ದೊಡ್ಡದರ ಪಕ್ಕದಲ್ಲಿ ಚಿಕ್ಕದು ಇನ್ನೂ ಚಿಕ್ಕದಾಗಿ ಕಂಡುದೇ ಕಾರಣವೆನ್ನೋಣವೆ? ಎರಡನ್ನೂ ಒಟ್ಟಿಗೆ ವಿವರಿಸಿ, ಯಾವುದಾದರೊಂದನ್ನು ಮಾಡುವಿರಾ ಎಂದಾಗ ಒಪ್ಪಿದವರು 25 ಮಂದಿ ಮಾತ್ರ. ಎರಡನೆಯ ಬೇಡಿಕೆಯನ್ನು ಬೇರೊಬ್ಬ ವ್ಯಕ್ತಿ ಮುಂದಿಟ್ಟಾಗಲಂತೂ ಸುಮಾರು 10. ಎಂದಮೇಲೆ, ಕೇಳಿದವನೇ ಒಂದು ಮೆಟ್ಟಿಲು ಇಳಿದುಬಂದದ್ದರಿಂದ ನಾವೂ ಇಳಿಯಬೇಕೆಂಬ ಋಣಭಾವವೇ ಇಲ್ಲಿ ಮುಖ್ಯವಾಗಿ ಕೆಲಸಮಾಡಿದುದು.

ಇದಕ್ಕೆ ತದ್ವಿರುದ್ಧವಾದ ಕ್ರಮವೂ ಫಲಿಸುವುದೆಂಬುದು ವಿಚಿತ್ರ. 1966ರಲ್ಲಿ ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬವರು ಕ್ಯಾಲಿಫೋರ್ನಿಯದ ನಿವಾಸಿಗಳಿಗೆ, ಅಂಗಳದಲ್ಲಿ ಎಚ್ಚರದಿಂದ ವಾಹನ ನಡೆಸಿರೆಂಬ ಭಾರಿ ಫಲಕವೊಂದನ್ನು ನಿಲ್ಲಿಸಲು ಅನುಮತಿ ಬೇಡಿದರು. ಫಲಕವೋ ನೋಡಲು ಅಂದಗೇಡಿ. ನೂರಕ್ಕೆ 17ಕ್ಕಿಂತ ಹೆಚ್ಚು ಮಂದಿ ಒಪ್ಪಲಿಲ್ಲ. ಆದರೆ ಎರಡು ವಾರ ಮುಂಚೆ ಅದೇ ವಿಷಯದ ಮೂರು ಅಂಗುಲದ ಚೀಟಿಯನ್ನು ಅಂಟಿಸಲು ಕೇಳಿಕೊಂಡಿದ್ದ ಮನೆಗಳಲ್ಲಿ 76 ಮಂದಿ ಒಪ್ಪಿದರು. ಒಮ್ಮೆ ಹೂಂ ಎಂದವರು ತಮ್ಮನ್ನು ಇಂಥ ಕಾರ್ಯಕ್ಕೆ ಒದಗುವವರೆಂದು ಬಗೆಯತೊಡಗುವರೆಂದು ಸಂಶೋಧಕರು ಊಹಿಸಿದರು.

ಇಂದು ಫೋನಿನ ಮೂಲಕ ಹಬ್ಬಿರುವ ‘ಮನೆಯಲ್ಲೇ ಕೆಲಸ’ದ ವಂಚನೆಗೆ ಬಲಿಯಾಗುವವರಲ್ಲಿ ವಿದ್ಯಾರ್ಥಿಗಳೂ ಇದ್ದಾರೆ. ಅಲ್ಲಿ ನಡೆಯುವುದು ಈ ಎರಡನೆಯ ಕ್ರಮವೇ. ಮೊದಲು ವಿಡಿಯೋವೊಂದನ್ನು ಮೆಚ್ಚಿ ಗುರುತು ಒತ್ತಿದರೆ ಸಾಕು. ನೂರಿನ್ನೂರು ರೂಪಾಯಿ ನಿಜವಾಗಿಯೂ ಖಾತೆಗೆ ಬರುತ್ತದೆ. ಬಳಿಕ ಸಾವಿರದ ಠೇವಣಿ, ಅದಾದ ಮೇಲೆ ಹತ್ತು ಸಾವಿರ. ಆ ಹತ್ತು ಸಾವಿರವನ್ನು ಅಪರಿಚಿತನು ಮೊದಲ ದಿನವೇ ಕೇಳಿದ್ದರೆ ಯಾರೂ ಕೊಡುತ್ತಿರಲಿಲ್ಲ. ಹೀಗೆ ಹಣ ಹೋದವರು ನಾಚಿಕೆಯಿಂದ ಮುಚ್ಚಿಡದೆ 1930ನೆಯ ಸಂಖ್ಯೆಗೆ ಒಡನೆಯೇ ಕರೆಮಾಡಿದರೆ, ಅದು ಖಾತೆಯಿಂದ ಖಾತೆಗೆ ಸಾಗದಂತೆ ತಡೆಯಲು ಅವಕಾಶವುಂಟು.