ಗೊರಕೆಗೆ ಮದ್ದು: ಹಿರಿಯರನ್ನೂ ಕೇಳೋಣ

ನನ್ನ ತಂದೆಗೆ ಈಗ 76 ವರ್ಷ. ಅವರ ಗೊರಕೆ ನಮ್ಮ ಮನೆಯಲ್ಲಿ ಬಹುಕಾಲ ತಮಾಷೆಯ ವಸ್ತುವಾಗಿತ್ತು. ಅದು ನಡುನಡುವೆ ಥಟ್ಟನೆ ನಿಂತು, ಏದುಸಿರಿನೊಂದಿಗೆ ಮತ್ತೆ ಆರಂಭವಾಗುತ್ತಿತ್ತು. ಆ ನಿಶ್ಶಬ್ದಕ್ಕೆ ಹೆದರುತ್ತಿದ್ದವರು ಅಮ್ಮ ಒಬ್ಬರೇ. ಹಗಲಲ್ಲಿ ಪತ್ರಿಕೆ ಹಿಡಿದೇ ತೂಕಡಿಸುವುದು, ರಾತ್ರಿ ನಾಲ್ಕು ಬಾರಿ ಮೂತ್ರಕ್ಕೆ ಏಳುವುದು, ಮರೆವು ಎಲ್ಲವನ್ನೂ ನಾವು ವಯಸ್ಸಿನ ಖಾತೆಗೆ ಜಮಾ ಮಾಡಿದ್ದೆವು.

ಪರೀಕ್ಷೆಯಲ್ಲಿ ತಿಳಿದದ್ದೇ ಬೇರೆ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗ ಮುಚ್ಚಿಕೊಳ್ಳುವ ಈ ತೊಂದರೆಯ ಹೆಸರು ‘ಸ್ಲೀಪ್ ಆಪ್ನಿಯಾ’. ಕನಿಷ್ಠ 10 ಸೆಕೆಂಡು ಉಸಿರು ನಿಲ್ಲುವ ಅಥವಾ ಕ್ಷೀಣಿಸುವ ಪ್ರಸಂಗಗಳು ಗಂಟೆಗೆ 5ರಿಂದ 15 ಇದ್ದರೆ ಸೌಮ್ಯ, 30 ದಾಟಿದರೆ ತೀವ್ರ. ತಂದೆಯವರದು 34. ಮಕ್ಕಳೆಲ್ಲ ಸೇರಿ, ಅವರನ್ನು ಒಂದು ಮಾತೂ ಕೇಳದೆ, ಮಾಸ್ಕ್ ಮೂಲಕ ಗಾಳಿಯೊತ್ತಿ ಶ್ವಾಸಮಾರ್ಗವನ್ನು ತೆರೆದಿಡುವ ‘ಸಿಪ್ಯಾಪ್’ ಯಂತ್ರ ಕೊಂಡು ತಂದೆವು. ಮೂರನೆಯ ರಾತ್ರಿಯೇ ಅದು ಬೀರು ಸೇರಿತು. ನಾವದನ್ನು ಮುದುಕರ ಹಠವೆಂದುಕೊಂಡೆವು.

ತಪ್ಪು ಯಾರದೆಂದು ತಿಳಿದದ್ದು ಇನ್ನೊಬ್ಬ ವೈದ್ಯೆಯ ಬಳಿ ಹೋದಾಗ. ಆಕೆ ನಮ್ಮನ್ನು ಬಿಟ್ಟು ತಂದೆಯವರನ್ನೇ ಕೇಳಿದರು: ‘ನಿಮಗೆ ಹೆಚ್ಚು ಬಾಧಿಸುತ್ತಿರುವುದು ಯಾವುದು, ಯಜಮಾನರೆ?’

‘ರಾತ್ರಿ ಎದ್ದಾಗ ಎಲ್ಲಿ ಬೀಳುತ್ತೇನೋ ಎಂಬ ಹೆದರಿಕೆಯಮ್ಮ’ ಎಂದರು ತಂದೆ. ಸಂಧಿವಾತದ ಬೆರಳುಗಳಿಗೆ ಮಾಸ್ಕಿನ ಕೊಕ್ಕೆ ದಕ್ಕುತ್ತಿರಲಿಲ್ಲ, ಕರೆಂಟ್ ಹೋದರೆ ಉಸಿರುಗಟ್ಟೀತೆಂಬ ಅಳುಕೂ ಇತ್ತು. ಇದಾವುದೂ ನಮಗೆ ಗೊತ್ತಿರಲಿಲ್ಲ.

ವೈದ್ಯೆ ಆಯ್ಕೆಗಳನ್ನು ಒಂದೊಂದಾಗಿ ವಿವರಿಸಿದರು. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲಿವನ್ ಅವರ ಪ್ರಬಂಧದ ಮೂಲಕ ಜಗತ್ತಿಗೆ ಪರಿಚಯವಾದ ಸಿಪ್ಯಾಪ್ ಬಹಳ ಪರಿಣಾಮಕಾರಿ, ಆದರೆ ತೊಟ್ಟರೆ ಮಾತ್ರ. 65 ದಾಟಿದವರನ್ನು ಕುರಿತು ಬ್ರಿಟನ್ನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಗಲಿನ ಮಂಪರು ಇಳಿದಿತ್ತು. ಆದರೆ ಮೊದಲೇ ಹೃದ್ರೋಗ, ಪಾರ್ಶ್ವವಾಯು ಇದ್ದವರನ್ನು ಕುರಿತ 2016ರ ದೊಡ್ಡ ಅಧ್ಯಯನದಲ್ಲಿ ಅವು ಮರುಕಳಿಸುವುದು ತಗ್ಗಲಿಲ್ಲ. ಅಲ್ಲಿ ಯಂತ್ರದ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ ಮಾತ್ರ. ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನ ಸೌಮ್ಯ ಮತ್ತು ಮಧ್ಯಮ ಪ್ರಮಾಣದ ತೊಂದರೆಗೆ ಒಪ್ಪೀತು. ಹಲ್ಲಿನ ಸೆಟ್ ಹಾಕಿಕೊಂಡವರಿಗೆ ಅದು ಕಷ್ಟ. ಅಂಗಾತ ಮಲಗಿದಾಗಷ್ಟೇ ಉಸಿರು ನಿಲ್ಲುವವರಿಗೆ ಮಗ್ಗುಲಾಗಿ ಮಲಗುವುದೂ ನೆರವಾಗುತ್ತದೆ. 2024ರಲ್ಲಿ ಅಮೆರಿಕ ಈ ತೊಂದರೆಗಾಗಿ ಸಮ್ಮತಿಸಿದ ಟಿರ್ಜೆಪಟೈಡ್ ಚುಚ್ಚುಮದ್ದು ಬೊಜ್ಜುಳ್ಳವರಿಗೆ ಮಾತ್ರ. ಸಣಕಲು ದೇಹದ ತಂದೆಯವರಿಗೆ ಅದು ಸಲ್ಲದು.

ಎಲ್ಲವನ್ನೂ ಕೇಳಿದ ಮೇಲೆ ತಂದೆ ಸಿಪ್ಯಾಪನ್ನೇ ಆರಿಸಿಕೊಂಡರು. ಆದರೆ ಈ ಬಾರಿ ಷರತ್ತುಗಳು ಅವರವು. ಟೋಪಿಯಂತೆ ತಲೆಗೆ ಎಳೆದುಕೊಳ್ಳಬಲ್ಲ, ಕೊಕ್ಕೆಯಿಲ್ಲದ ಮೂಗಿನ ಮಾಸ್ಕ್ ಬೇಕು, ಯಂತ್ರಕ್ಕೆ ಯುಪಿಎಸ್ ಸಂಪರ್ಕ ಬೇಕು. ಮೊದಲ ವಾರ ಹಗಲಲ್ಲಿ ಕುರ್ಚಿಯಲ್ಲಿ ಕುಳಿತು, ಎಚ್ಚರವಿದ್ದೇ ಅಭ್ಯಾಸ ಮಾಡಿದರು. ಈಗ ರಾತ್ರಿ ಏಳುವುದು ಒಮ್ಮೆಯೋ ಎರಡು ಬಾರಿಯೋ. ಕೆಲವು ರಾತ್ರಿ ಮಾಸ್ಕ್ ತೆಗೆದಿಡುತ್ತಾರೆ. ಅದಕ್ಕೆ ನಾನು ಗದರುವುದಿಲ್ಲ, ಕಾರಣ ಕೇಳುತ್ತೇನೆ.

ಹಿರಿಯರ ಮೇಲಿನ ಪ್ರೀತಿಯಿಂದಲೇ ನಾವು ಅವರ ಪರವಾಗಿ ತೀರ್ಮಾನಿಸಿಬಿಡುತ್ತೇವೆ. ಪ್ರತಿರಾತ್ರಿ ತೊಡಬೇಕಾದ ಚಿಕಿತ್ಸೆಗೆ ತೊಡುವವರ ಸಮ್ಮತಿ ಬೇಕು. ವೈದ್ಯರೆದುರು ಮೊದಲ ಮಾತು ಅವರದಾಗಲಿ. ಗುಣವೆಷ್ಟು, ತೊಡಕೇನು, ಬಿಟ್ಟರೇನು, ಬೇರೆ ದಾರಿ ಯಾವುದು ಎಂದು ಅವರ ಕಿವಿಗೆ ಬೀಳುವಂತೆ ಕೇಳೋಣ. ಯಂತ್ರ ಕೊಳ್ಳುವ ಮುನ್ನ, ಸಿಗುವುದಾದರೆ, ಬಾಡಿಗೆಗೆ ತಂದು ನೋಡೋಣ. ಅಮ್ಮ ಅಂದು ಹೆದರಿ ಹೇಳಿದ್ದನ್ನು ಹತ್ತು ವರ್ಷ ಮೊದಲೇ ಕೇಳಿಸಿಕೊಂಡಿದ್ದರೆ ಎಂಬ ಕೊರಗು ನನಗುಳಿದಿದೆ.